ಬಿಚ್ಚುವಾಗ ಮುರಿದ ಬೋಲ್ಟ್ ಯಾರ ಲೆಕ್ಕಕ್ಕೆ?

ಮಾರ್ಸ್ಡನ್ ಪಾರ್ಕಿನ ಓದುಗರೊಬ್ಬರು ಗ್ಯಾರೇಜ್ ಬಿಲ್ಲಿನ ಫೋಟೋ ಕಳಿಸಿ ಎರಡು ಪ್ರಶ್ನೆ ಕೇಳಿದ್ದಾರೆ. ಹನ್ನೊಂದು ವರ್ಷದ ಕಾರು. ಕೂಲೆಂಟ್ ಸೋರುತ್ತಿತ್ತು. ವಾಟರ್ ಪಂಪ್, ಥರ್ಮೋಸ್ಟಾಟ್ ಎರಡೂ ಬದಲಿಸಲು 900 ಡಾಲರ್ ಅಂತ ಮಾತಾಗಿತ್ತು, ಬಿಲ್ ಬಂದದ್ದು 1,400. ಹೆಚ್ಚಿನ 500 ಡಾಲರಿಗೆ ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು: ಮುರಿದ ಎರಡು ಬೋಲ್ಟ್ ತೆಗೆದದ್ದು, ಥ್ರೆಡ್ ರಿಪೇರಿ, ಹೊಸ ಬೋಲ್ಟ್‌ಗಳು. ಮೊದಲ ಪ್ರಶ್ನೆ: "ಬೋಲ್ಟ್ ಮುರಿದವನು ಅವರ ಹುಡುಗ, ದುಡ್ಡು ನಾನೇಕೆ ಕೊಡಬೇಕು?" ಎರಡನೆಯದು: "ಈ ಕಾರಿಗೆ ಇನ್ನೂ ಖರ್ಚು ಮಾಡೋದು ದಂಡ ಅಲ್ವಾ? ಆಫೀಸಿನಲ್ಲಿ ನೊವೇಟೆಡ್ ಲೀಸ್ ಸಿಗುತ್ತೆ, ಅದಕ್ಕೇ ಹೋಗಿಬಿಡಲಾ?"

ಇವು ಬೇರೆ ಬೇರೆ ಪ್ರಶ್ನೆಗಳು. ನಮ್ಮ ಜನ ಮಾತ್ರ ಮೊದಲನೆಯದರ ಸಿಟ್ಟಿನಲ್ಲಿ ಎರಡನೆಯದಕ್ಕೆ ಉತ್ತರ ಕಂಡುಕೊಳ್ಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಬಿಲ್ ಹಾಕಿದರೆ ಐದೇ ನಿಮಿಷದಲ್ಲಿ "ಅಣ್ಣಾ, ಆ ಗಾಡಿ ಮಾರಿಬಿಡಿ" ಅಂತ ನಾಲ್ಕು ಜನ ಹೇಳುತ್ತಾರೆ. 500 ಡಾಲರಿನ ಕೋಪಕ್ಕೆ 40,000 ಡಾಲರಿನ ಕಾರು ಮನೆಗೆ ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿಚ್ಚುವಾಗ ಮುರಿದ ಬೋಲ್ಟಿನ ಖರ್ಚು ಕಾರಿನ ಮಾಲೀಕರದು. ಬಿಗಿಯುವಾಗ ಮುರಿದದ್ದು ಗ್ಯಾರೇಜಿನದು. ಆ 500 ಡಾಲರ್, ಕೆಲಸ ಸರಿಯಾಗಿ ಆಗಿದ್ದರೆ, ಕೊಡಬೇಕಾದ ದುಡ್ಡೇ. ಅದನ್ನು ಕೊಡದೆ ಉಳಿಸಲು ಹೊರಟರೆ ನಷ್ಟ ನಮಗೇ.

ಯಾಕೆ ಅಂತ ತಿಳಿಯಲು ಬಾನೆಟ್ ಎತ್ತಿ ಸ್ವಲ್ಪ ನೋಡಬೇಕು. ಈಗಿನ ಬಹುತೇಕ ಕಾರುಗಳಲ್ಲಿ ಎಂಜಿನ್ ಹೆಡ್ಡು, ವಾಟರ್ ಪಂಪ್ ಕೂರುವ ಜಾಗ ಎಲ್ಲ ಅಲ್ಯೂಮಿನಿಯಂ. ಅದರೊಳಗೆ ಹೋಗುವ ಬೋಲ್ಟ್ ಉಕ್ಕಿನದು. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ಸೋರಿದ ಕೂಲೆಂಟೋ ಮಳೆನೀರೋ ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆಗುತ್ತದೆ. ಸವೆಯುವುದು ಅಲ್ಯೂಮಿನಿಯಂ. ಸವೆದದ್ದು ಬಿಳಿ ಪುಡಿಯಾಗಿ, ಬಿಸಿನೀರಿನ ಹಂಡೆಯಲ್ಲಿ ಸುಣ್ಣ ಕಟ್ಟಿದ ಹಾಗೆ, ಥ್ರೆಡ್ಡಿನ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಬೋಲ್ಟನ್ನು ಸುತ್ತಲಿಂದ ಅದುಮಿ ಹಿಡಿಯುತ್ತದೆ. ಮೇಲಿಂದ ದಿನಾ ಬಿಸಿಯಾಗುವುದು, ದಿನಾ ತಣ್ಣಗಾಗುವುದು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹತ್ತು ವರ್ಷ ಹೀಗೆ ನಡೆದ ಮೇಲೆ ಬೋಲ್ಟ್ ಸುಲಭವಾಗಿ ಬಂದರೆ ಅದೇ ಆಶ್ಚರ್ಯ.

ಇಂಥ ಕಡೆ ಸಾಮಾನ್ಯವಾಗಿ ಇರುವುದು ಎಂ6 ಬೋಲ್ಟ್, ಅಂದರೆ 6 ಮಿಲಿಮೀಟರ್ ದಪ್ಪ, ಹತ್ತನೇ ನಂಬರ್ ಸ್ಪ್ಯಾನರ್ ಹಿಡಿಸುವ ತಲೆ. ಬಿಗಿಯಬೇಕಾದ್ದು ಸುಮಾರು 10 ನ್ಯೂಟನ್ ಮೀಟರ್ ಅಷ್ಟೇ, ಮಣಿಕಟ್ಟಿನ ಬಲ ಸಾಕು. ಹಿಡಿದುಕೊಂಡಿರುವ ಬೋಲ್ಟ್ ಬಿಚ್ಚಲು ಅದಕ್ಕಿಂತ ಎಷ್ಟೋ ಹೆಚ್ಚು ಬಲ ಹಾಕಬೇಕು. ಆಗ ಥ್ರೆಡ್ ಬಿಡುವ ಮೊದಲೇ ತಲೆ ಕಳಚಿ ಕೈಗೆ ಬರುತ್ತದೆ. ಒಳ್ಳೆಯ ಮೆಕ್ಯಾನಿಕ್ ಎಣ್ಣೆ ಬಿಟ್ಟು ಕಾಯುತ್ತಾನೆ, ಬಿಸಿ ಮಾಡುತ್ತಾನೆ, ಒಂದೇ ಸಲ ಎಳೆಯದೆ ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. ಇಷ್ಟೆಲ್ಲ ಮಾಡಿದರೂ ಕೆಲವು ಮುರಿಯುತ್ತವೆ.

ಮುರಿದ ಮೇಲಿನ ಕೆಲಸ ನಾಜೂಕಿನದು. ತುಂಡು ಸ್ವಲ್ಪ ಹೊರಗಿದ್ದರೆ ಅದೃಷ್ಟ: ಅದರ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸುತ್ತಾರೆ, ವೆಲ್ಡಿಂಗಿನ ಬಿಸಿಯೇ ಹಿಡಿತ ಸಡಿಲಿಸುತ್ತದೆ. ಒಳಗೇ ಮುರಿದಿದ್ದರೆ ನಡುಮಧ್ಯಕ್ಕೆ ಗುರುತು ಮಾಡಿ ಡ್ರಿಲ್ ಹೊಡೆಯಬೇಕು. ಉಕ್ಕು ಗಟ್ಟಿ, ಸುತ್ತಲಿನ ಅಲ್ಯೂಮಿನಿಯಂ ಮೆತ್ತಗೆ. ಡ್ರಿಲ್ ಬಿಟ್ ಒಂದು ಕೂದಲೆಳೆ ಜಾರಿದರೂ ಮೆತ್ತಗಿನ ಕಡೆಗೇ ಓಡುತ್ತದೆ. ತುಂಡು ತೆಗೆಯಲು ಬಳಸುವ ಎಕ್ಸ್‌ಟ್ರ್ಯಾಕ್ಟರ್ ತುಂಬ ಗಡಸು ಉಕ್ಕಿನದು. ಅದೇ ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯುವುದೇ ಇಲ್ಲ. ಥ್ರೆಡ್ ಹಾಳಾದರೆ ರಂಧ್ರ ದೊಡ್ಡದು ಮಾಡಿ ಹೆಲಿಕಾಯಿಲ್ ಅನ್ನುವ ಉಕ್ಕಿನ ಸುರುಳಿ ಕೂರಿಸುತ್ತಾರೆ. ಇದನ್ನು ತೇಪೆ ಅಂತ ಅಂದುಕೊಳ್ಳಬೇಡಿ, ಸರಿಯಾಗಿ ಕೂರಿಸಿದ ಹೆಲಿಕಾಯಿಲ್ ಬರೀ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ.

ಇದನ್ನೆಲ್ಲ ಬೆಂಗಳೂರಿನಲ್ಲೂ ಮಾಡುತ್ತಿದ್ದರು. "ಬೋಲ್ಟ್ ಕಟ್ಟಾಯ್ತು ಸಾರ್" ಅಂತ ಹೇಳಿ, ಲೇತ್ ಅಂಗಡಿಯವರನ್ನು ಹಿಡಿದು, ಜೆ.ಸಿ. ರಸ್ತೆಯಿಂದ ಹೊಸ ಬೋಲ್ಟ್ ತರಿಸಿ ಸಂಜೆಯೊಳಗೆ ಗಾಡಿ ಕೊಡುತ್ತಿದ್ದರು. ಕೂಲಿ ಅಗ್ಗವಾಗಿದ್ದರಿಂದ ಅದು ಒಟ್ಟು ಮೊತ್ತದೊಳಗೆ ಕರಗಿಹೋಗುತ್ತಿತ್ತು, ನಮಗೆ ಕಾಣಿಸುತ್ತಲೇ ಇರಲಿಲ್ಲ. ಸಿಡ್ನಿಯಲ್ಲಿ ಮೆಕ್ಯಾನಿಕ್ ಕೂಲಿ ಗಂಟೆಗೆ ನೂರು ಡಾಲರ್ ದಾಟುವುದು ಮಾಮೂಲು. ಎರಡು ಬೋಲ್ಟಿಗೆ ಮೂರು ಗಂಟೆ ಹಿಡಿದಿದ್ದರೆ, ಹೆಲಿಕಾಯಿಲ್ಲು, ಹೊಸ ಬೋಲ್ಟು, ಜಿಎಸ್‌ಟಿ ಸೇರಿ 500 ಅನ್ನುವುದರಲ್ಲಿ ನನಗೆ ಮೋಸ ಕಾಣಿಸುವುದಿಲ್ಲ.

ಇನ್ನು ಕಾನೂನು. ಆಸ್ಟ್ರೇಲಿಯನ್ ಕನ್ಸ್ಯೂಮರ್ ಲಾ 2011ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಯಾವುದೇ ಸೇವೆಯನ್ನು ತಕ್ಕಷ್ಟು ಎಚ್ಚರ ಮತ್ತು ಕೌಶಲದಿಂದ ಮಾಡಿಕೊಡಬೇಕು. ಏನೂ ಮುರಿಯಬಾರದು ಅಂತ ಅದು ಹೇಳುವುದಿಲ್ಲ. ಹತ್ತು ವರ್ಷದಿಂದ ಕಚ್ಚಿಕೊಂಡಿದ್ದ ಬೋಲ್ಟ್ ಎಚ್ಚರದಿಂದ ಬಿಚ್ಚುವಾಗಲೂ ಮುರಿದರೆ, ಆ ಸವೆತ ಕಾರಿನೊಳಗೆ ಮೊದಲೇ ಇತ್ತು. ಮೆಕ್ಯಾನಿಕ್ ಅದನ್ನು ಕಂಡವನು, ಮಾಡಿದವನಲ್ಲ. ಹೊಸ ಬೋಲ್ಟ್ ಹಾಕಿ ಬಿಗಿಯುವಾಗ ತಲೆ ಹಾರಿದರೆ ಅಥವಾ ಥ್ರೆಡ್ ಕಿತ್ತುಬಂದರೆ ಕಥೆ ಬೇರೆ. ಎಷ್ಟು ಬಿಗಿಯಬೇಕು ಅಂತ ಕಂಪನಿಯ ಪುಸ್ತಕದಲ್ಲಿದೆ, ಅದನ್ನು ಅಳೆಯುವ ಟಾರ್ಕ್ ರೆಂಚ್ ಇದೆ. 2022ರ ಜುಲೈ 1ರಿಂದ ಕಾರು ಕಂಪನಿಗಳು ಸರ್ವಿಸ್ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಮಾರಲೇಬೇಕು ಅನ್ನುವ ಕಾನೂನೂ ಬಂದಿದೆ, ಹಾಗಾಗಿ ಗೊತ್ತಿರಲಿಲ್ಲ ಅನ್ನುವ ನೆಪಕ್ಕೆ ಹೆಚ್ಚು ಜಾಗವಿಲ್ಲ. ಬಿಗಿಯುವಾಗ ಆದದ್ದಕ್ಕೆ ನೀವು ಒಂದು ಡಾಲರೂ ಕೊಡಬೇಕಾಗಿಲ್ಲ.

ನಡುವೆ ಒಂದು ಬೂದು ಜಾಗ ಇದೆ. ತುಕ್ಕು ಹಿಡಿದ ಸಣ್ಣ ಬೋಲ್ಟಿಗೆ ಎಣ್ಣೆಯನ್ನೂ ಬಿಡದೆ ಇಂಪ್ಯಾಕ್ಟ್ ಗನ್ ಹಾಕಿ ಮುರಿದಿದ್ದರೆ ಅದು ಎಚ್ಚರ ತಪ್ಪಿದ ಕೆಲಸ. ಆಮೇಲೆ ಸಾಬೀತು ಮಾಡುವುದು ಕಷ್ಟ. ಆದ್ದರಿಂದ ಮುರಿದ ತುಂಡುಗಳನ್ನು ಎಸೆಯಬೇಡಿ ಅಂತ ಮೊದಲೇ ಹೇಳಿ, ಫೋಟೋ ಕೇಳಿ. ಥ್ರೆಡ್ಡಿನ ತುಂಬ ಬಿಳಿ ಪುಡಿ, ತುಕ್ಕು ಮೆತ್ತಿಕೊಂಡಿದ್ದರೆ ಜಗಳಕ್ಕೆ ಹೋಗಬೇಡಿ. ಬಿಲ್ ಬಂದ 30 ದಿನದೊಳಗೆ ವಿವರವಾದ ಬಿಲ್ ಕೇಳುವ ಹಕ್ಕು ಇದೇ ಕಾನೂನಿನಲ್ಲಿದೆ. ಕೇಳಿದ ಏಳು ದಿನದಲ್ಲಿ ಅವರು ಪುಕ್ಕಟೆ ಕೊಡಬೇಕು, ಎಷ್ಟು ಗಂಟೆ ಹಿಡಿಯಿತು ಅನ್ನುವುದೂ ಅದರಲ್ಲಿರಬೇಕು. ಜಗಳ ಮಾಡದೆ ಇದನ್ನು ಕೇಳಬಹುದು.

ಈ ಬಿಲ್ಲಿನ ಬಗ್ಗೆ ನನ್ನ ತಕರಾರು ಬೇರೆ. ಹನ್ನೊಂದು ವರ್ಷದ ಕಾರಿನ ಕೂಲಿಂಗ್ ಸಿಸ್ಟಮ್ ಬಿಚ್ಚುವ ಕೆಲಸಕ್ಕೆ 900 ಅಂತ ಒಂದೇ ಸಂಖ್ಯೆ ಹೇಳಬಾರದಿತ್ತು, ದಾಟಿದಾಗ ಒಂದು ಫೋನ್ ಮಾಡಬೇಕಿತ್ತು. ಮಾರ್ಸ್ಡನ್ ಪಾರ್ಕಿನಲ್ಲಿ ಹೌಸ್ ಅಂಡ್ ಲ್ಯಾಂಡ್ ಪ್ಯಾಕೇಜಿನಲ್ಲಿ ಮನೆ ಕಟ್ಟಿಸಿದವರಿಗೆ ಇದು ಹೊಸದಲ್ಲ. ಕಾಂಟ್ರ್ಯಾಕ್ಟಿನಲ್ಲಿ ಸೈಟ್ ಕಾಸ್ಟ್ ಅಂತ ಒಂದು ಪ್ರೊವಿಷನಲ್ ಸಮ್ ಇರುತ್ತದೆ. ಅಡಿಪಾಯ ತೋಡಿದಾಗ ಬಂಡೆ ಸಿಕ್ಕರೆ ಹೆಚ್ಚು ಕೊಡಬೇಕು. ಬಂಡೆ ಬಿಲ್ಡರ್ ತಂದಿಟ್ಟದ್ದಲ್ಲ ಅಂತ ನಾವು ಒಪ್ಪುತ್ತೇವೆ. ಬೋಲ್ಟಿನದೂ ಅದೇ ಲೆಕ್ಕ. ಕಾರು ಬಿಡುವಾಗಲೇ ಹೀಗೆ ಕೇಳಿ: "ಎಲ್ಲ ಬೋಲ್ಟ್ ಚೆನ್ನಾಗಿ ಬಂದರೆ ಎಷ್ಟು, ಎರಡು ಮೂರು ಮುರಿದರೆ ಎಷ್ಟು? 300 ಡಾಲರಿನವರೆಗೆ ನನ್ನನ್ನು ಕೇಳದೆ ಮಾಡಿ, ಅದಕ್ಕಿಂತ ಮೇಲೆ ಹೋದರೆ ಫೋಟೋ ಕಳಿಸಿ ಫೋನ್ ಮಾಡಿ." ಇದನ್ನೇ ಒಂದು ಮೆಸೇಜಿನಲ್ಲಿ ಬರೆದು ಕಳಿಸಿ. ನನ್ನ ಅನಿಸಿಕೆಯಲ್ಲಿ, ಇದಕ್ಕೆ ಮುಖ ಸಿಂಡರಿಸುವ ಗ್ಯಾರೇಜಿಗೆ ಹಳೆಯ ಕಾರು ಕೊಡಬಾರದು.

ಕೊಡದೆ ಉಳಿಸಲು ಹೊರಟರೆ ನಷ್ಟ ಅಂದೆನಲ್ಲ, ಅದು ಹೀಗೆ. ಬೋಲ್ಟ್ ಮುರಿದದ್ದಕ್ಕೆ ಗಿರಾಕಿಗಳು ದುಡ್ಡು ಕೊಡುವುದಿಲ್ಲ ಅಂತ ಗೊತ್ತಾದರೆ ಗ್ಯಾರೇಜಿನವರು ಬೋಲ್ಟ್ ಮುರಿದದ್ದನ್ನೇ ಹೇಳುವುದಿಲ್ಲ. ಆರು ಬೋಲ್ಟಿನ ಪಂಪ್ ಐದೇ ಬೋಲ್ಟಿನಲ್ಲಿ ನಿಲ್ಲುತ್ತದೆ, ಆರನೆಯದರ ಜಾಗಕ್ಕೆ ಸಿಲಿಕೋನ್ ಬಳಿದಿರುತ್ತಾರೆ. ಬಿಲ್ 900 ಡಾಲರೇ ಬರುತ್ತದೆ, ಎಲ್ಲರಿಗೂ ಸಂತೋಷ. ಗ್ಯಾಸ್ಕೆಟ್ ಮೇಲೆ ಒತ್ತಡ ಎಲ್ಲ ಕಡೆ ಸಮನಾಗಿದ್ದರೆ ಮಾತ್ರ ಅದು ಸೋರದೆ ಹಿಡಿಯುತ್ತದೆ. ಒಂದು ಮೂಲೆ ಸಡಿಲವಿದ್ದರೆ ಸೋರಿಕೆ ಅಲ್ಲಿಂದಲೇ ಶುರು.

ಸೋರಲು ಶುರುವಾಗುವುದು ಜುಲೈ ತಿಂಗಳ ಚಳಿಯಲ್ಲಿ ಅಲ್ಲ. ನಮ್ಮ ಪಶ್ಚಿಮ ಸಿಡ್ನಿಯ ಬೇಸಿಗೆ ಹೇಗಿರುತ್ತದೆ ಅಂತ ಗೊತ್ತಲ್ಲ: 2020ರ ಜನವರಿ 4ರಂದು ಪೆನ್ರಿತ್‌ನಲ್ಲಿ 48.9 ಡಿಗ್ರಿ ದಾಖಲಾಯಿತು. ಅಂಥ ಮಧ್ಯಾಹ್ನ ಎಸಿ ಹಾಕಿಕೊಂಡು ರಿಚ್ಮಂಡ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತಿರುವಾಗ ಕೂಲಿಂಗ್ ಸಿಸ್ಟಮ್ ಮೇಲೆ ಪೂರ್ತಿ ಭಾರ ಬೀಳುತ್ತದೆ. ನೀರು ಮತ್ತು ಕೂಲೆಂಟ್ ಸಮ ಬೆರೆಸಿದ ದ್ರವ ತೆರೆದ ಪಾತ್ರೆಯಲ್ಲಾದರೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಆ ಕುದಿಯುವ ಬಿಂದುವನ್ನು ಇನ್ನೂ ಮೇಲಕ್ಕೆ ಏರಿಸುತ್ತದೆ. ಎಲ್ಲೋ ಒಂದು ಕಡೆ ಸೋರಿದರೆ ಆ ಒತ್ತಡವೂ ಹೋಯಿತು, ದ್ರವವೂ ಹೋಯಿತು. ಎಂಜಿನ್ ಕಾದು ಅಲ್ಯೂಮಿನಿಯಂ ಹೆಡ್ ಬಾಗಿದರೆ, ಹೆಡ್ ಗ್ಯಾಸ್ಕೆಟ್ ಹೋದರೆ, ಆಮೇಲೆ ಮಾತು ನೂರುಗಳಲ್ಲಿ ಇರುವುದಿಲ್ಲ, ಸಾವಿರಗಳಲ್ಲಿ. ಹನ್ನೊಂದು ವರ್ಷದ ಕಾರಿಗೆ ಅದು ಬಹುತೇಕ ಮರಣಶಾಸನ. 500 ಉಳಿಸಿದ್ದು ಯಾವ ಲೆಕ್ಕಕ್ಕೆ?

ಇದೇ ಕಾರಣಕ್ಕೆ ಇನ್ನೊಂದು ಮಾತು. ಮುರಿದ ಎರಡನ್ನು ಮಾತ್ರ ಅಲ್ಲ, ಬಿಚ್ಚಿದ ಎಲ್ಲ ಬೋಲ್ಟನ್ನೂ ಹೊಸದು ಹಾಕಿಸಿ. ಪಕ್ಕದವು ಅದೇ ಹತ್ತು ವರ್ಷ ಅಲ್ಲೇ ಇದ್ದವು, ಅದೇ ಪುಡಿ ತಿಂದವು. ಇಂಥ ಸಣ್ಣ ಬೋಲ್ಟಿಗೆ ಕೆಲವೇ ಡಾಲರ್, ಜಾಗ ಹೇಗೂ ಬಿಚ್ಚಿದ್ದಾಗಿದೆ, ಹೆಚ್ಚಿನ ಕೂಲಿ ಬೀಳುವುದಿಲ್ಲ. ಇಡೀ ಬಿಲ್ಲಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಅಪಾಯ ತಗ್ಗಿಸುವ ಸಾಲು ಇನ್ನೊಂದಿಲ್ಲ. ಬೋಲ್ಟ್ ಮಾತ್ರ ಆ ಕಾರಿಗೆ ಹೇಳಿದ್ದೇ ಆಗಬೇಕು. ಬನ್ನಿಂಗ್ಸ್‌ಗೆ ಹೋಗಿ ಅದೇ ದಪ್ಪದ್ದು ಒಂದು ತಂದು ಹಾಕುವ ಉತ್ಸಾಹಿಗಳು ನಮ್ಮಲ್ಲಿದ್ದಾರೆ. ಒಂದೆರಡು ಮಿಲಿಮೀಟರ್ ಉದ್ದ ಹೆಚ್ಚಾದರೆ ಬೋಲ್ಟ್ ರಂಧ್ರದ ತಳಕ್ಕೆ ಮುಟ್ಟಿ ನಿಲ್ಲುತ್ತದೆ, ಬಿಗಿಯಾಗಿದೆ ಅನ್ನಿಸುತ್ತದೆ, ಗ್ಯಾಸ್ಕೆಟ್ ಮೇಲೆ ಒತ್ತಡವೇ ಬಿದ್ದಿರುವುದಿಲ್ಲ. ತುಕ್ಕು ಹಿಡಿಯಬಾರದು ಅಂತ ಸ್ಟೇನ್‌ಲೆಸ್ ಸ್ಟೀಲ್ ಹಾಕುವುದು ಇನ್ನೊಂದು ಅತಿಬುದ್ಧಿ. ಬೋಲ್ಟ್ ಹೊಳೆಯುತ್ತಿರುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಹಾಳಾಗುತ್ತಿರುತ್ತದೆ. ಇನ್ನು ಸಿಲಿಂಡರ್ ಹೆಡ್ಡಿನವರೆಗೆ ಕೆಲಸ ಹೋದರೆ, ಬಹಳ ಎಂಜಿನ್ನುಗಳಲ್ಲಿ ಹೆಡ್ ಬೋಲ್ಟ್ ಬಿಗಿಯುವಾಗಲೇ ಹಿಗ್ಗುವಂತೆ ಮಾಡಿರುವುದು, ಒಂದೇ ಸಲ ಬಳಸುವಂಥದ್ದು. ಅಲ್ಲಿ ಹಳೆಯದನ್ನೇ ಹಾಕಲು ಬಿಡಲೇಬೇಡಿ.

ಈಗ ಎರಡನೇ ಪ್ರಶ್ನೆ, ಮಾರಬೇಕಾ ಇಟ್ಟುಕೊಳ್ಳಬೇಕಾ. ಕೆಳಗಿನ ಸಂಖ್ಯೆಗಳು ಉದಾಹರಣೆಗೆ ಮಾತ್ರ, ನಿಮ್ಮ ಕಾರಿನ ಸಂಖ್ಯೆ ಹಾಕಿಕೊಳ್ಳಿ. ಇದು ಸಾಮಾನ್ಯ ಮಾಹಿತಿ, ನಿಮ್ಮ ಪರಿಸ್ಥಿತಿ ನೋಡಿ ಕೊಡುವ ಆರ್ಥಿಕ ಸಲಹೆ ಅಲ್ಲ.

ಬೋಲ್ಟ್ ಮುರಿದ ಕ್ಷಣಕ್ಕೆ ನಿಂತು ನೋಡೋಣ. ಆಗಲೇ 400 ಡಾಲರಿನ ಕೆಲಸ ಆಗಿದೆ, ಅದನ್ನು ಕಾರು ಇಟ್ಟುಕೊಂಡರೂ ಎಳೆದುಕೊಂಡು ಹೋದರೂ ಕೊಡಬೇಕು. ಅದು ಲೆಕ್ಕದಿಂದ ಹೊರಗೆ. ಉಳಿದ 500ರ ಮೂಲ ಕೆಲಸ, ಬೋಲ್ಟಿನ 500, ಒಟ್ಟು 1,000 ಹಾಕಿದರೆ ಓಡುವ ಕಾರು. ಓಡುವ ಕಾರಿಗೆ 6,000 ಬರುತ್ತದೆ, ಪಂಪ್ ಬಿಚ್ಚಿಟ್ಟ ಕಾರಿಗೆ 3,000 ಅಂತ ಇಟ್ಟುಕೊಳ್ಳಿ. ಮಾರಲೇಬೇಕು ಅಂತ ನಿರ್ಧರಿಸಿದವರಿಗೂ ರಿಪೇರಿ ಮಾಡಿಸಿ ಮಾರುವುದೇ ಲಾಭ. ಮೆಲ್ಬೋರ್ನ್ ಓದುಗರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ: ವಿಕ್ಟೋರಿಯಾದಲ್ಲಿ ರಿಜಿಸ್ಟ್ರೇಷನ್ ಸಮೇತ ಮಾರಲು ರೋಡ್‌ವರ್ದಿ ಸರ್ಟಿಫಿಕೇಟ್ ಬೇಕು.

ಇಟ್ಟುಕೊಳ್ಳುವ ಲೆಕ್ಕ ನೋಡೋಣ. ಹಳೆಯದು ಮಾರಿ ಬಂದದ್ದು ಬಿಟ್ಟು ಹೊಸ ಕಾರಿಗೆ ಕೈಯಿಂದ 40,000 ಹಾಕುತ್ತೀರಿ. ಆ ದುಡ್ಡು ಮನೆ ಸಾಲದ ಆಫ್‌ಸೆಟ್ ಖಾತೆಯಲ್ಲಿ ಕೂತಿದ್ದರೆ ಶೇಕಡಾ 6ರ ಬಡ್ಡಿಗೆ ವರ್ಷಕ್ಕೆ 2,400 ಉಳಿಸುತ್ತಿತ್ತು. ಹೊಸ ಕಾರಿನ ಸವಕಳಿ ಮೊದಲ ವರ್ಷ 5,000 ಅನ್ನೋಣ. ಒಟ್ಟು 7,400. ಹಳೆಯ ಕಾರಿನದೂ ಒಂದಿಷ್ಟು ಸವಕಳಿ ಇದೆ, ಸರ್ವಿಸ್ ಖರ್ಚು ಹೆಚ್ಚಿದೆ, ಅದಕ್ಕೆ 2,000 ಕಳೆಯಿರಿ. ಉಳಿದದ್ದು 5,400, ತಿಂಗಳಿಗೆ 450. ಅಂದರೆ ಬಿಲ್ಲಿನ 1,400 ಪೂರ್ತಿ ತೆಗೆದುಕೊಂಡರೂ ಹಳೆಯ ಕಾರು ಮೂರು ತಿಂಗಳಿಗಿಂತ ಸ್ವಲ್ಪ ಹೆಚ್ಚು ಓಡಿದರೆ ದುಡ್ಡು ವಾಪಸ್ ಬಂತು.

ನೊವೇಟೆಡ್ ಲೀಸ್ ಬೇರೆ ಅಂತ ನೀವು ಹೇಳಬಹುದು. ತೆರಿಗೆ ಉಳಿತಾಯ ನಿಜ. ಎಲೆಕ್ಟ್ರಿಕ್ ಕಾರಿಗೆ 2022ರ ಜುಲೈ 1ರಿಂದ ಎಫ್‌ಬಿಟಿ ವಿನಾಯಿತಿ ಬಂದ ಮೇಲೆ ನಮ್ಮವರಲ್ಲಿ ಬಹಳ ಮಂದಿ ಅದರತ್ತ ಹೋದರು, ಕೆಲವರಿಗೆ ಅದು ಒಳ್ಳೆಯ ನಿರ್ಧಾರವೇ. ಆದರೆ ಐದು ವರ್ಷದ ಲೀಸಿನ ಕೊನೆಗೆ ಕನಿಷ್ಠ ಶೇಕಡಾ 28.13 ಬಾಕಿ ಉಳಿಯಬೇಕು ಅಂತ ತೆರಿಗೆ ಇಲಾಖೆಯ ನಿಯಮ: 50,000ದ ಲೀಸಿಗೆ 14,065 ಡಾಲರ್. ಸಂಬಳದಿಂದ ಕಡಿತವಾಗುವುದನ್ನು ಮಾತ್ರ ನೋಡಿ ಇದನ್ನು ಮರೆಯುವವರು ಬಹಳ. ಲೀಸ್ ಬೇಕಿದ್ದರೆ ಒಂದು ಶನಿವಾರ ಕೂತು ಲೆಕ್ಕ ಹಾಕಿ ತೆಗೆದುಕೊಳ್ಳಿ. ಗ್ಯಾರೇಜಿನ ಕೌಂಟರಿನಲ್ಲಿ ನಿಂತಾಗ ಅಲ್ಲ.

ರಿಪೇರಿ ಮಾಡಿಸಬಾರದ ಸಂದರ್ಭವೂ ಇದೆ. ಎಂಜಿನ್ ಆಗಲೇ ಕೆಂಪು ಗೆರೆ ದಾಟಿ ಕಾದಿದ್ದರೆ, ಆಯಿಲ್‌ನಲ್ಲಿ ಕೂಲೆಂಟ್ ಬೆರೆತು ಕಾಫಿ ಬಣ್ಣದ ಕೆಸರಾಗಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಪಂಪಿಗೆ ದುಡ್ಡು ಹಾಕುವ ಮೊದಲು ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಬೋಲ್ಟುಗಳೂ ಒಂದಿಷ್ಟು ಹೇಳುತ್ತವೆ. ಎಂಟರಲ್ಲಿ ಒಂದು ಮುರಿದು ಏಳು ಸ್ವಚ್ಛವಾಗಿ ಬಂದಿದ್ದರೆ ಚಿಂತೆಯಿಲ್ಲ. ನಾಲ್ಕು ಮುರಿದು, ಉಳಿದವು ಪುಡಿ ತುಂಬಿ ಬಂದಿದ್ದರೆ, ಆ ಎಂಜಿನ್ನಿನ ಮುಂದಿನ ಪ್ರತಿ ಕೆಲಸವೂ ಹೀಗೇ ಉದ್ದವಾಗುತ್ತದೆ. ಸಾಲ ಕೊಡುವವರು ಒಂದು ಕಂತು ತಪ್ಪಿದವನನ್ನೂ ನಾಲ್ಕು ಕಂತು ತಪ್ಪಿದವನನ್ನೂ ಒಂದೇ ಥರ ನೋಡುವುದಿಲ್ಲ. ಅದಕ್ಕೇ ಬಿಲ್ ಕೊಡುವಾಗ ಮೆಕ್ಯಾನಿಕ್ಕನ್ನು ಕೇಳಿ: ಒಟ್ಟು ಎಷ್ಟು ಬಿಚ್ಚಿದಿರಿ, ಎಷ್ಟು ಕಷ್ಟಪಟ್ಟವು? ಈ ಮಾಹಿತಿಗೆ ಅವರು ಬೇರೆ ದುಡ್ಡು ಕೇಳುವುದಿಲ್ಲ.

ಮಾರ್ಸ್ಡನ್ ಪಾರ್ಕಿನವರ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಬೇಕು. ನಮ್ಮಲ್ಲಿ ರೈಲು ನಿಲ್ದಾಣ ಇಲ್ಲ. ಸ್ಕೋಫೀಲ್ಡ್ಸ್‌ಗೆ ಹೋಗಬೇಕು, ಇಲ್ಲವೇ ಟಲ್ಲಾವಾಂಗ್ ಮೆಟ್ರೋಗೆ. ಮಕ್ಕಳ ಶಾಲೆ, ಈಜು ತರಗತಿ, ಶನಿವಾರದ ತರಕಾರಿ ಎಲ್ಲಕ್ಕೂ ಕಾರು ಬೇಕು. ಬೋಲ್ಟ್ ತೆಗೆಯಲು ಎರಡು ದಿನ ಹೆಚ್ಚಾದರೆ ಆ ಎರಡು ದಿನದ ಟ್ಯಾಕ್ಸಿಯೋ ರಜೆಯೋ ಬಿಲ್ಲಿನಲ್ಲಿ ಕಾಣದ ಖರ್ಚು. ಹಾಗಾಗಿ ಹಳೆಯ ಕಾರಿನ ದೊಡ್ಡ ಕೆಲಸವನ್ನು ಶಾಲೆಯ ರಜೆಯ ವಾರಕ್ಕೆ ಇಟ್ಟುಕೊಳ್ಳುವುದು ಜಾಣತನ.

ಕೂಲೆಂಟ್ ಬಗ್ಗೆಯೂ ಹೇಳಬೇಕು. ಅದರಲ್ಲಿ ಲೋಹ ಸವೆಯದಂತೆ ತಡೆಯುವ ರಾಸಾಯನಿಕಗಳಿರುತ್ತವೆ, ವರ್ಷಗಳು ಕಳೆದಂತೆ ಅವು ಖರ್ಚಾಗುತ್ತವೆ. ಬಣ್ಣ ಚೆನ್ನಾಗಿದೆ ಅಂದಮಾತ್ರಕ್ಕೆ ಶಕ್ತಿ ಉಳಿದಿದೆ ಅಂತಲ್ಲ. ಎಷ್ಟು ವರ್ಷಕ್ಕೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಯಾವ ಬಗೆಯದು ಅಂತ ಕಾರಿನ ಕೈಪಿಡಿಯಲ್ಲಿದೆ. ಕಡಿಮೆಯಾಯಿತು ಅಂತ ತೋಟದ ನಲ್ಲಿಯ ನೀರು ಸುರಿಯಬೇಡಿ, ಸಿಕ್ಕಿದ ಬಣ್ಣದ್ದನ್ನು ಬೆರೆಸಬೇಡಿ. ಕೂಲೆಂಟ್ ಬದಲಿಸಿದ ದಿನಾಂಕ ಸರ್ವಿಸ್ ಪುಸ್ತಕದಲ್ಲಿ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿದು, ಅಕ್ಟೋಬರ್ ಮುಗಿಯುವುದರೊಳಗೆ ಮಾಡಿಸಿ. ಐದು ವರ್ಷ ದಾಟಿದ ಕಾರುಗಳು ಈ ರಾಜ್ಯದಲ್ಲಿ ಪ್ರತಿ ವರ್ಷ ಪಿಂಕ್ ಸ್ಲಿಪ್ ತಪಾಸಣೆಗೆ ಹೇಗೂ ಹೋಗಬೇಕು. ಆ ದಿನವೇ ಪಂಪ್ ಮತ್ತು ಥರ್ಮೋಸ್ಟಾಟ್ ಸುತ್ತ ಬಿಳಿ ಅಥವಾ ಬಣ್ಣದ ಕಲೆ ಒಣಗಿದೆಯಾ ಅಂತ ಟಾರ್ಚ್ ಹಾಕಿ ನೋಡಲು ಹೇಳಿ. ಕಂಡರೆ ಸೋರಿಕೆ ಶುರುವಾಗಿದೆ, ಬೋಲ್ಟುಗಳು ಇನ್ನಷ್ಟು ಕಚ್ಚಿಕೊಳ್ಳುವ ಮೊದಲೇ ಕೆಲಸಕ್ಕೆ ದಿನ ಗೊತ್ತು ಮಾಡಿಕೊಳ್ಳಿ.